ತಿಂಡಿ ಮೊದಲೋ, ಕಥೆ ಮೊದಲೋ?

ಏಪ್ರಿಲ್ 10ಕ್ಕೆ ಫಲಿತಾಂಶ ಓದಿ ಹೇಳಿ ಸರ್ಕಾರಿ ಶಾಲೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಮಧ್ಯೆ ಸುಮಾರು ಏಳು ವಾರ. ಹಾಸನದಂಥ ಊರಿನಲ್ಲಿ ಈ ಏಳು ವಾರಕ್ಕೆ ಬಗೆಬಗೆಯ ಬೇಸಿಗೆ ಶಿಬಿರಗಳಿವೆ: ಈಜು, ಕರಾಟೆ, ಚಿತ್ರಕಲೆ, ನಾಟಕ. ದುಡ್ಡು ಕಟ್ಟಬಲ್ಲವರ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ದುಡ್ಡಿಲ್ಲದೆ ಹೋಗಬಹುದಾದ ಕೆಲವೇ ಜಾಗಗಳಲ್ಲಿ ಚರ್ಚಿನ ರಜಾ ವೇದಶಾಲೆಯೂ ಒಂದು. ಇಷ್ಟುದ್ದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ವಿಬಿಎಸ್ ಅಂದರೆ ಸಾಕು, ಐದು ವರ್ಷದ ಮಗುವಿಗೂ ಗೊತ್ತು.

ಹಾಡು, ಬೈಬಲ್ ಕಥೆ, ಕಂಠಪಾಠದ ವಾಕ್ಯ, ಕೈಕೆಲಸ, ಆಟ, ತಿಂಡಿ. ವಿಬಿಎಸ್ಸಿನ ಆರು ಅಂಗಗಳು ಇವು. ಮೊದಲ ಐದಕ್ಕೆ ಪುಸ್ತಕ ಇದೆ, ತರಬೇತಿ ಇದೆ, ಟೀಚರುಗಳಿದ್ದಾರೆ. ಆರನೆಯದಕ್ಕೆ ಒಂದು ಮೇಜು, ಎರಡು ಬಕೆಟ್ಟು, ಒಂದು ಸೌಟು ಮತ್ತು ನಾನು. 2022ರಿಂದ ನಾಲ್ಕು ಬೇಸಿಗೆ ಈ ಮೇಜಿನ ಹಿಂದೆ ನಿಂತಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಹಾಸನದಲ್ಲಿ ಹತ್ತು ದಿನ. ಆಮೇಲೆ ಅದೇ ಪಾತ್ರೆ, ಅದೇ ಆರು ಜನ, ಒಂದು ಓಮ್ನಿಯಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿಗೆ ಐದೈದು ದಿನ. ಆ ಮೂರು ಊರುಗಳ ಸಭೆಗಳು ಚಿಕ್ಕವು. ಮಕ್ಕಳು ಬರುತ್ತಾರೆ, ಕಲಿಸುವವರಿಲ್ಲ. ಹಾಗಾಗಿ ನಾವು ಹೋಗುತ್ತೇವೆ.

ಈ ಬ್ಲಾಗಿನ ಗೆಳೆಯರಲ್ಲಿ ಹಲವರಿಗೆ ವಿಬಿಎಸ್ ಹೊಸ ಪದ ಇರಬಹುದು. ಇದು ಶುರುವಾದದ್ದು ಅಮೆರಿಕದಲ್ಲಿ. 1894ರಲ್ಲಿ ಇಲಿನಾಯ್ ರಾಜ್ಯದ ಹೋಪ್‌ಡೇಲ್ ಎಂಬ ಚಿಕ್ಕ ಊರಿನಲ್ಲಿ ಮೈಲ್ಸ್ ಎಂಬ ಶಾಲಾ ಶಿಕ್ಷಕಿ ರಜೆಯಲ್ಲಿ ಮಕ್ಕಳನ್ನು ಸೇರಿಸಿ ವಾರಗಟ್ಟಲೆ ಪಾಠ ಮಾಡಿದರಂತೆ. ನಾಲ್ಕು ವರ್ಷದ ನಂತರ, 1898ರಲ್ಲಿ, ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೀದಿಯಲ್ಲಿ ಅಲೆಯುತ್ತಿದ್ದ ವಲಸಿಗರ ಮಕ್ಕಳಿಗಾಗಿ ಇಂಥದೇ ಶಾಲೆ ನಡೆಸಲು ಜಾಗ ಹುಡುಕಿದರು. ಸಿಕ್ಕಿದ್ದು ಒಂದು ಬಿಯರ್ ಅಂಗಡಿ. ಅದನ್ನೇ ಬಾಡಿಗೆಗೆ ಹಿಡಿದರು. ಈ ಸಂಗತಿ ಓದಿದ ದಿನದಿಂದ ನನಗೆ ವಿಬಿಎಸ್ ಬಗ್ಗೆ ಒಂದು ಸಮಾಧಾನ ಇದೆ. ಅದು ಹುಟ್ಟಿದ್ದು ಮಕ್ಕಳು ಮೊದಲೇ ಇದ್ದ ಕಡೆ. ಶಾಲೆ ಮುಚ್ಚಿದೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದಾರೆ, ಮಗು ಬೀದಿಯಲ್ಲಿದೆ. ನ್ಯೂಯಾರ್ಕಿನ ಆ ಕಥೆಗೂ ಅರಕಲಗೂಡಿನ ಮೇ ತಿಂಗಳಿಗೂ ಅಂಥ ವ್ಯತ್ಯಾಸವೇನಿಲ್ಲ.

ತಿಂಡಿ ಮೇಜು ಅಂದರೆ ಸುಲಭದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಗೊತ್ತಿದ್ದರೆ ಸುಲಭವೇ. 60 ಮಕ್ಕಳಿಗೆ ಒಂದೂವರೆ ಕೆಜಿ ಅಲಸಂದೆ ಕಾಳು ಹಿಂದಿನ ರಾತ್ರಿ ನೆನೆಸಬೇಕು. ಬೆಂದ ಮೇಲೆ ಮೂರೂವರೆ ಕೆಜಿ ಆಗುತ್ತದೆ, ಒಬ್ಬರಿಗೆ ಒಂದು ಸೌಟು ಉಸಲಿ. ಪಾನಕಕ್ಕೆ 10 ಲೀಟರ್ ಕಾಯಿಸಿ ಆರಿಸಿದ ನೀರು, 1 ಕೆಜಿ ಬೆಲ್ಲ, 15 ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಒಂದೂವರೆ ಕೆಜಿ ಕಡ್ಲೆಪುರಿಗೆ ಒಂದು ಕೆಜಿ ಕ್ಯಾರೆಟ್ ತುರಿ, ಅರ್ಧ ಕೆಜಿ ಈರುಳ್ಳಿ, ಕೊತ್ತಂಬರಿ. ಇದನ್ನು ಮಾತ್ರ ಮೊದಲೇ ಕಲಸಿಡಬಾರದು, ಮಕ್ಕಳು ಸಾಲಿನಲ್ಲಿ ನಿಂತ ಮೇಲೆ ಕಲಸಬೇಕು. ಇಲ್ಲದಿದ್ದರೆ ಪುರಿ ಮೆತ್ತಗಾಗುತ್ತದೆ, ಮಕ್ಕಳು ಮುಖ ನೋಡುತ್ತಾರೆ. ಬಾಳೆಹಣ್ಣಾದರೆ ಪಚ್ಚಬಾಳೆ. ಏಲಕ್ಕಿ ಬಾಳೆಗೆ ನಮ್ಮ ಬಜೆಟ್ಟು ನಿಲ್ಲುವುದಿಲ್ಲ. ಒಂದು ಮಗುವಿಗೆ ದಿನಕ್ಕೆ 12 ರೂಪಾಯಿ ಮೀರಬಾರದು ಅನ್ನುವುದು ನಮ್ಮ ಸಂಪ್ರದಾಯ.

ಚಿಕ್ಕವರು ಮೊದಲು, ದೊಡ್ಡವರು ಆಮೇಲೆ. ಕೈ ತೊಳೆಯದೆ ತಟ್ಟೆ ಇಲ್ಲ. ಕಡಲೆಬೀಜ ಹಾಕುವ ದಿನ ಮೊದಲೇ ಕೇಳಬೇಕು, ಯಾರಿಗಾದರೂ ಆಗುವುದಿಲ್ಲವೇ ಅಂತ. ಇಷ್ಟು ಮಾಡಿದರೆ ಅರ್ಧ ಗಂಟೆಯಲ್ಲಿ ಬಕೆಟ್ಟು ಖಾಲಿ.

ಲೆಕ್ಕಕ್ಕೆ ಸಿಗದ ಭಾಗ ಬೇರೆಯೇ ಇದೆ.

ಮೊದಲ ವರ್ಷ ನಾನು ಬಿಸ್ಕತ್ತಿನ ವಿರುದ್ಧ ಇದ್ದೆ. ಹಾಸನ ಜಿಲ್ಲೆಯಂಥ ರಾಗಿಯ ಸೀಮೆಯಲ್ಲಿ ಮಕ್ಕಳಿಗೆ ಪೊಟ್ಟಣದ ಬಿಸ್ಕತ್ತು ಯಾಕೆ ಅನ್ನುವುದು ನನ್ನ ವಾದ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೈದಾ ಬಿಸ್ಕತ್ತಿನಲ್ಲಿ ಏನಿದೆ? ಚನ್ನರಾಯಪಟ್ಟಣದಲ್ಲಿ ಮಹಿಳಾ ಕೂಟದ ಹಿರಿಯರೊಬ್ಬರು ನನ್ನ ಭಾಷಣವನ್ನು ಪೂರ್ತಿ ಕೇಳಿ, ಆಮೇಲೆ ಮೆಲ್ಲಗೆ ಹೇಳಿದರು: "ನೀನು ಹೇಳೋದೆಲ್ಲ ಸರಿ ಕಣಮ್ಮ. ಆದ್ರೆ ಬಿಸ್ಕತ್ತಿಗೆ ಜಾತಿ ಇಲ್ಲ. ಯಾವ ಮನೆ ಮಗಾನಾದ್ರೂ ತಿಂತದೆ. ನಾವು ಬೇಯ್ಸಿದ್ದನ್ನ ತಿನ್ನಬೇಡ ಅಂತ ಹೇಳಿ ಕಳ್ಸೋ ಮನೆಗಳೂ ಅವೆ."

ಈ ಮಾತು ಯಾವ ಪೌಷ್ಟಿಕತೆಯ ಪುಸ್ತಕದಲ್ಲೂ ಇಲ್ಲ. ಬೇಯಿಸಿದ್ದಕ್ಕೆ ಮೈಲಿಗೆ ಉಂಟು, ಹಣ್ಣಿಗೆ ಇಲ್ಲ, ಕಾಯಿಗೆ ಇಲ್ಲ ಅನ್ನುವುದು ನಮ್ಮ ಊರುಗಳ ಹಳೆಯ ಲೆಕ್ಕ. ಪೊಟ್ಟಣ ಬಂದ ಮೇಲೆ ಅದೂ ಹಣ್ಣಿನ ಸಾಲಿಗೆ ಸೇರಿತು. ಯಾರ ಕೈ ಮುಟ್ಟಿತು ಅಂತ ಕಾಣದಿದ್ದರೆ ಯಾರೂ ಮುಟ್ಟಲಿಲ್ಲ ಎಂದೇ ಅರ್ಥ. ಇದನ್ನು ಬರೆಯಲು ಸಂತೋಷವಿಲ್ಲ, ಆದರೆ ತಿಂಡಿ ಮೇಜಿನ ಹಿಂದೆ ನಿಂತವರಿಗೆ ಇದು ಗೊತ್ತಿರಬೇಕು. ಉಸಲಿಯ ದಿನ ಎಂಟು ಮಕ್ಕಳು "ಹಸಿವಿಲ್ಲ ಮಿಸ್" ಅಂದು, ಬಾಳೆಹಣ್ಣಿನ ದಿನ ಆ ಎಂಟಕ್ಕೂ ಹಸಿವಾದರೆ, ಕಾರಣ ಉಸಲಿಯ ಖಾರ ಅಲ್ಲ.

ನಮ್ಮಲ್ಲಿ ಈಗ ಒಂದು ಪದ್ಧತಿ ಬಂದಿದೆ. ಬೇಯಿಸಿದ ತಿಂಡಿಯ ದಿನವೂ ಮೇಜಿನ ಒಂದು ಕೊನೆಯಲ್ಲಿ ಬಾಳೆಹಣ್ಣಿನ ಬುಟ್ಟಿ ಇರುತ್ತದೆ. ಏನು ಬೇಕೋ ತೆಗೆದುಕೊಳ್ಳಬಹುದು, ಯಾಕೆ ಅಂತ ಕೇಳುವವರಿಲ್ಲ. ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರಲ್ಲ, ಹಾಗೆ. ಮನೆಯಿಂದ ಡಬ್ಬಿ ತಂದವರಿಗೂ ಅದೇ ಚಾಪೆಯಲ್ಲಿ ಜಾಗ. ಹೊಳೆನರಸೀಪುರದಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕೈಗೆ ದಿನಾ ಚಿತ್ರಾನ್ನದ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಮೂರನೇ ದಿನ ಆ ಹುಡುಗಿ ಡಬ್ಬಿಯ ಮುಚ್ಚಳದ ತುಂಬ ಚಿತ್ರಾನ್ನ ತೆಗೆದು ನನ್ನ ಮುಂದಿಟ್ಟಳು. "ನೀವು ನಮ್ ಮನೇದು ತಿಂತೀರಾ ಮಿಸ್?" ತಿಂದೆ. ಚೆನ್ನಾಗಿತ್ತು, ಮಾವಿನಕಾಯಿ ಹಾಕಿದ್ದರು.

ಇನ್ನೊಂದು ಲೆಕ್ಕಕ್ಕೆ ಸಿಗದ ಸಂಗತಿ ಹಸಿವು.

ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಕೊಟ್ಟ ಆದೇಶದ ನಂತರ ಶಾಲೆಗಳಲ್ಲಿ ಬಿಸಿಯೂಟ ಹಕ್ಕಾಯಿತು. ನಮ್ಮ ರಾಜ್ಯದಲ್ಲಿ ಅದು 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು. 2024ರ ಫೆಬ್ರವರಿಯಿಂದ ಆ ಹಾಲಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಶಾಲೆಯ ದಿನಗಳಲ್ಲಿ ಮಗುವಿನ ಹೊಟ್ಟೆಗೆ ಬೆಳಗ್ಗೆ ಹಾಲು, ಮಧ್ಯಾಹ್ನ ಅನ್ನ ಸಾಂಬಾರು ಖಾತ್ರಿ. ಏಪ್ರಿಲ್ 11ಕ್ಕೆ ಎರಡೂ ನಿಲ್ಲುತ್ತವೆ. ಬರ ಬಂದ ವರ್ಷ ಮಾತ್ರ ಬೇರೆ. 2024ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರಿಂದ ಅಲ್ಲಿ ಬೇಸಿಗೆ ರಜೆಯಲ್ಲೂ ಶಾಲೆಯಲ್ಲಿ ಬಿಸಿಯೂಟ ಹಾಕಿದರು. ಆ ವರ್ಷ ನಾವು ವಿಬಿಎಸ್ಸನ್ನು ಹನ್ನೆರಡಕ್ಕೇ ಮುಗಿಸಿ, ಮಕ್ಕಳು ಊಟದ ಹೊತ್ತಿಗೆ ಶಾಲೆ ತಲುಪುವಂತೆ ನೋಡಿಕೊಂಡೆವು. ಮಳೆ ಚೆನ್ನಾಗಿ ಆದ ವರ್ಷ ಮಗುವಿಗೆ ರಜೆಯ ಊಟ ಇಲ್ಲ, ಬರದ ವರ್ಷ ಇದೆ. ಈ ವಿಚಿತ್ರದ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಒಳ್ಳೆಯ ವರದಿ ಮಾಡಬೇಕು.

ಅರಕಲಗೂಡು ಸೀಮೆಯಲ್ಲಿ ಮೇ ತಿಂಗಳು ಅಂದರೆ ಕೈ ಬಿಡುವಿಲ್ಲದ ತಿಂಗಳು. ಮಡಿಯಲ್ಲಿ ಬೆಳೆಸಿದ ಹೊಗೆಸೊಪ್ಪಿನ ಸಸಿ ಕಿತ್ತು ಹೊಲಕ್ಕೆ ನೆಡುವ ಕಾಲ. ಜೊತೆಗೆ ಆಲೂಗಡ್ಡೆ. ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಯಲ್ಲಿ ಮಾರಾಟಕ್ಕೆ ಬರುವುದೂ ಇದೇ ತಿಂಗಳು. ಮುಂಗಾರು ಪೂರ್ವದ ಎರಡು ಹದ ಮಳೆ ಬಿದ್ದರೆ ಗಡ್ಡೆ ಹೆಚ್ಚಿ ಬಿತ್ತಬೇಕು, ಇವತ್ತು ನಾಳೆ ಅನ್ನುವಂತಿಲ್ಲ. ಕೂಲಿಗೆ ಹೋಗುವ ತಾಯಂದಿರು ಬೆಳಗ್ಗೆ ಆರೂವರೆಗೆ ಮನೆ ಬಿಡುತ್ತಾರೆ. ಮಧ್ಯಾಹ್ನಕ್ಕೆ ಮುದ್ದೆ ಮಾಡಿ ಮುಚ್ಚಿಟ್ಟಿರುತ್ತಾರೆ. ಬೆಳಗ್ಗೆಗೆ?

2023ರ ಅರಕಲಗೂಡಿನಲ್ಲಿ ಎರಡನೇ ದಿನ, ಹತ್ತೂವರೆ ಹೊತ್ತಿಗೆ, ಕಥೆ ನಡೆಯುತ್ತಿರುವಾಗ ಎಂಟು ವರ್ಷದ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಹೊಟ್ಟೆನೋವು ಮಿಸ್."

"ಬೆಳಗ್ಗೆ ಏನ್ ತಿಂದೆ?"

"ಟೀ ಕುಡ್ದೆ."

"ಟೀ ಜೊತೆ?"

ಸ್ವಲ್ಪ ಯೋಚಿಸಿ ಹೇಳಿದ, "ಇನ್ನೊಂದ್ ಟೀ."

ಎರಡು ಬಾಳೆಹಣ್ಣು ಕೊಟ್ಟೆ. ಹತ್ತು ನಿಮಿಷದಲ್ಲಿ ನೋವು ಹೋಯಿತು. ಮರುದಿನ ಹೊಟ್ಟೆನೋವಿನವರು ಐದು ಜನ ಬಂದರು. ಮಕ್ಕಳಿಗೆ ಔಷಧಿ ಯಾವುದು ಅಂತ ತಿಳಿಯಲು ಎಷ್ಟು ಹೊತ್ತು ಬೇಕು?

ಆಗ ತಿಂಡಿ ಕೊಡುತ್ತಿದ್ದದ್ದು ಕೊನೆಗೆ, ಹನ್ನೆರಡು ಗಂಟೆಗೆ, ಎಲ್ಲ ಮುಗಿದ ಮೇಲೆ. ಅದು ಎಲ್ಲ ಕಡೆಯ ಪದ್ಧತಿ. ಆ ಸಂಜೆ ನಾನು ತಂಡದ ಮುಂದೆ ಹೇಳಿದೆ, ನಾಳೆಯಿಂದ ತಿಂಡಿ ಒಂಬತ್ತೂವರೆಗೇ ಕೊಡೋಣ, ಬಂದ ತಕ್ಷಣ.

ನಮ್ಮ ತಂಡದ ಹಿರಿಯರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಹಾಜರಿ ಪುಸ್ತಕ ಅವರ ಕೈಯಲ್ಲೇ. ಅವರು ಒಪ್ಪಲಿಲ್ಲ. "ತಿಂಡಿ ಕೊನೆಗಿಟ್ರೆ ಮಕ್ಕಳು ಕೊನೆವರೆಗೂ ಕೂತಿರ್ತವೆ. ಮೊದಲೇ ಕೊಟ್ರೆ ತಿಂದ್ಕೊಂಡು ಎದ್ದು ಹೋಗ್ತವೆ. ಆಮೇಲೆ ಕಥೆ ಯಾರಿಗೆ ಹೇಳ್ತೀರಿ?"

"ಮೇಷ್ಟ್ರೇ, ಹಾಗಾದ್ರೆ ತಿಂಡಿ ಕಥೆ ಕೇಳಿದ್ದಕ್ಕೆ ಕೂಲಿನಾ?"

ಅವರಿಗೆ ಬೇಜಾರಾಯಿತು. ಅವರ ಬೇಜಾರಿಗೂ ಕಾರಣ ಇತ್ತು. ಬಡ ಮನೆಯಿಂದ ಬಂದು ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರು ಅವರು. ಸಂಜೆ ಪ್ರಾರ್ಥನೆಯ ಗಂಟೆ, ಅದರ ಹಿಂದೆಯೇ ಊಟದ ಗಂಟೆ. ಆ ಎರಡು ಗಂಟೆಗಳ ನಡುವೆಯೇ ತಾನು ಮನುಷ್ಯನಾದದ್ದು ಅನ್ನುತ್ತಾರೆ. ಊಟಕ್ಕಾಗಿ ಪ್ರಾರ್ಥನೆ ಮಾಡಿದೆ ಅಂತ ಅವರಿಗೆ ಎಂದೂ ಅನ್ನಿಸಿಲ್ಲ. ಎರಡೂ ಒಂದೇ ಮನೆಯಿಂದ ಬಂದವು, ಅಷ್ಟೆ. ಅಂಥವರ ಮುಂದೆ ಕೂಲಿ ಅನ್ನುವ ಪದ ಚುರುಕ್ಕೆನ್ನುವುದು ಸಹಜ. ಆದರೂ ಆ ಪ್ರಶ್ನೆಯನ್ನು ನಾವೇ ನಮಗೆ ಕೇಳಿಕೊಳ್ಳದಿದ್ದರೆ ಹೊರಗಿನವರು ಕೇಳುತ್ತಾರೆ ಅಂತ ನನಗನ್ನಿಸಿತ್ತು.

ಮೇಷ್ಟ್ರು ಬೈಬಲ್ ತೆಗೆದರು. ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಜನರ ಗುಂಪಿಗೆ ಹೊತ್ತು ಇಳಿಯುವ ತನಕ ಬೋಧನೆ ಮಾಡಿ, ಆಮೇಲೆ ಐದು ರೊಟ್ಟಿ ಎರಡು ಮೀನು ಹಂಚಿದ್ದು ತೋರಿಸಿದರು. ಪಾಠ ಮೊದಲು, ರೊಟ್ಟಿ ಆಮೇಲೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟಿದ್ದು ಅಲ್ಲಿನ ಅಯ್ಯನವರ ಹೆಂಡತಿ. ಅಮ್ಮನವರು ಅಲ್ಲಿಯವರೆಗೂ ಮೂಲೆಯಲ್ಲಿ ಕೂತು ಮರುದಿನದ ಕಾಳು ಆರಿಸುತ್ತಿದ್ದರು. "ಯೋಹಾನ ಇಪ್ಪತ್ತೊಂದು ನೋಡಿ ಮೇಷ್ಟ್ರೇ" ಅಂದರು. ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾಗಿ ದಡಕ್ಕೆ ಬಂದ ಶಿಷ್ಯರಿಗೆ ಯೇಸು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾದಿರುವ ಅಧ್ಯಾಯ ಅದು. ಅವರು ತಿಂದು ಮುಗಿಸಿದ ಮೇಲೆ ಪೇತ್ರನನ್ನು ಪ್ರಶ್ನೆ ಕೇಳುತ್ತಾನೆ. ತಿಂಡಿಗೆ ಮುಂಚೆ ಪೇತ್ರನನ್ನು ಒಂದೂ ಕೇಳುವುದಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತು, ನಾಳೆ ನೋಡೋಣ" ಅಂದರು.

ಮರುದಿನ ಬಂದದ್ದು 52 ಮಕ್ಕಳು. ತಿಂಡಿ ಆದ ಮೇಲೆ ಉಳಿದದ್ದು 41. ಮೇಷ್ಟ್ರು ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ನನಗೆ ತೋರಿಸಿದರು. ಏನೂ ಹೇಳಲಿಲ್ಲ. ಐದನೇ ದಿನಕ್ಕೆ ಎದ್ದು ಹೋಗುವವರು ಆರು ಜನಕ್ಕೆ ಇಳಿದಿದ್ದರು. ಆ ಆರು ಜನ ಮಾತ್ರ ದಿನವೂ ಬಂದರು, ತಿಂದರು, ತಟ್ಟೆ ತೊಳೆದಿಟ್ಟು ಹೋದರು. ಗೇಟಿನಾಚೆ ಅವರ ಕ್ರಿಕೆಟ್ ನಡೆಯುತ್ತಿತ್ತು. ಕೊನೆಯ ದಿನ ಒಬ್ಬನನ್ನು ತಡೆದು, "ಯಾಕೋ, ಇವತ್ತಾದ್ರೂ ಕೂತ್ಕೊಳೋದಲ್ವಾ?" ಅಂದೆ. "ಬ್ಯಾಟಿಂಗ್ ಬಾಕಿ ಐತೆ ಮಿಸ್" ಅಂದ. ನನಗೆ ಅದು ಸರಿಯಾದ ಉತ್ತರ ಅನ್ನಿಸಿತು. ತಿಂದ ಮೇಲೆ ಬ್ಯಾಟಿಂಗಿಗೆ ಹೋಗಬಹುದು ಅಂತ ಆ ಹುಡುಗನಿಗೆ ಧೈರ್ಯ ಇರುವವರೆಗೆ ನಮ್ಮ ಮೇಜಿನ ಮೇಲಿರುವುದು ತಿಂಡಿ. ಆ ಧೈರ್ಯ ಹೋದರೆ ಅದು ಬೇರೇನೋ ಆಗುತ್ತದೆ.

ಆ ಬೇರೇನೋ ಯಾವುದು ಅನ್ನುವುದಕ್ಕೆ ಕಾನೂನಿನಲ್ಲಿ ಒಂದು ಪದ ಇದೆ: ಆಮಿಷ.

2021ರ ಡಿಸೆಂಬರಿನಲ್ಲಿ ವಿಧಾನಸಭೆ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯನ್ನು ಅಂಗೀಕರಿಸಿತು. ಜನರ ಬಾಯಲ್ಲಿ ಅದು ಮತಾಂತರ ನಿಷೇಧ ಕಾಯ್ದೆ. 2022ರಲ್ಲಿ ಶಾಲೆಗಳು ಬೇಗ, ಮೇ 16ಕ್ಕೇ ತೆರೆದವು. ಹಾಗಾಗಿ ಆ ವರ್ಷ ನಾವು ಅರಕಲಗೂಡಿಗೆ ಹೋಗಿರಲಿಲ್ಲ. ಮರುದಿನ, ಮೇ 17ರಂದು, ಅದೇ ಕಾನೂನು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಪರಿಷತ್ತೂ ಒಪ್ಪಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆ ಕಾನೂನಿನ ಪ್ರಕಾರ ಹಣದ ರೂಪದಲ್ಲಾಗಲಿ ವಸ್ತುವಿನ ರೂಪದಲ್ಲಾಗಲಿ ಉಡುಗೊರೆ ಅಥವಾ ಲಾಭ ತೋರಿಸಿ ಮತಾಂತರ ಮಾಡುವುದು ಆಮಿಷ. ಅಪ್ರಾಪ್ತ ವಯಸ್ಸಿನವರ ವಿಷಯದಲ್ಲಾದರೆ ಶಿಕ್ಷೆ 3ರಿಂದ 10 ವರ್ಷ. ಪತ್ರಿಕೋದ್ಯಮ ಓದಿದವಳು ನಾನು, ಕಾನೂನಿನ ಪಠ್ಯ ಓದಿದೆ. ಓದಿ ಮುಗಿಸಿ ಮೂಲೆಯಲ್ಲಿದ್ದ ಉಸಲಿ ಬಕೆಟ್ಟನ್ನು ಒಮ್ಮೆ ನೋಡಿದೆ.

ಈ ಅನುಮಾನ ಇವತ್ತಿನದಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರಿದು ಮಾಡಿದ ಧಾತು ಈಶ್ವರ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ ಮಿಷನರಿಗಳು ಅನಾಥಾಲಯ ತೆರೆದರು. ಮಕ್ಕಳು ಬದುಕಿದರು, ಕ್ರೈಸ್ತರೂ ಆದರು. ಅಂದಿನಿಂದ ಎರಡು ಮಾತು ಒಟ್ಟಿಗೇ ನಡೆದು ಬಂದಿವೆ. ಅನ್ನ ಹಾಕಿ ಉಳಿಸಿದರು ಅನ್ನುವುದು ಒಂದು. ಅನ್ನ ಹಾಕಿ ಕೊಂಡರು ಅನ್ನುವುದು ಇನ್ನೊಂದು. ಮೊದಲನೆಯದನ್ನು ನಾವು ಹೇಳುತ್ತೇವೆ, ಎರಡನೆಯದನ್ನು ಅವರು ಹೇಳುತ್ತಾರೆ. ಸತ್ತುಹೋಗುತ್ತಿದ್ದ ಮಗುವನ್ನು ಎತ್ತಿಕೊಂಡವರ ಮನಸ್ಸಿನಲ್ಲಿ ಏನಿತ್ತು ಅಂತ ಇವತ್ತು ಕೂತು ತೀರ್ಪು ಕೊಡುವುದು ನನ್ನಿಂದ ಆಗದ ಕೆಲಸ. ನನ್ನ ಮೇಜಿನಲ್ಲಿ ಏನು ನಡೆಯಬೇಕು ಅನ್ನುವುದು ಮಾತ್ರ ನನ್ನ ಕೈಯಲ್ಲಿದೆ.

2023ರ ಮೇ ಮೊದಲ ವಾರ ಹೊಳೆನರಸೀಪುರದಲ್ಲಿದ್ದೆವು. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಊರ ತುಂಬ ಪ್ರಚಾರದ ಗಾಡಿ, ಮೈಕು. ಹೇಮಾವತಿ ದಡದ ಊರಾದರೂ ಬಿಸಿಲಿಗೆ ತಂಪಿಲ್ಲ. ಮೂರನೇ ದಿನ ಇಬ್ಬರು ಯುವಕರು ಬೈಕಿನಲ್ಲಿ ಬಂದು ಗೇಟಿನ ಹತ್ತಿರ ನಿಂತರು. ಎಲೆಕ್ಷನ್ ಡ್ಯೂಟಿಯವರಿರಬೇಕು, ಜನರಿಗೆ ಊಟ ಹಾಕುತ್ತಿದ್ದಾರೆ ಅಂತ ದೂರು ಹೋಗಿರಬೇಕು ಅಂದುಕೊಂಡೆವು. ಅಲ್ಲ. ಅವರಿಗೆ ಬೇಕಾಗಿದ್ದು ಬೇರೆ. ಮನೆಗೆ ಹೊರಟಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ ಕೇಳಿದರು.

"ಏನ್ ಪುಟ್ಟಿ, ಒಳಗೆ ಏನ್ ಕೊಟ್ರು?"

"ಉಸ್ಲಿ."

"ಕೊಟ್ಟು ಏನ್ ಹೇಳ್ಸಿದ್ರು?"

ಹುಡುಗಿ ನನ್ನ ಕಡೆ ನೋಡಿದಳು. ಅವರ ಕಡೆ ನೋಡಿದಳು. "ಕೈ ತೊಳ್ಕೊ ಅಂದ್ರು. ಖಾರ ಜಾಸ್ತಿ ಆಗಿತ್ತು ಅಂತ ನಾನ್ ಹೇಳ್ದೆ."

ಇಬ್ಬರಲ್ಲಿ ಒಬ್ಬನಿಗೆ ನಗು ಬಂತು. ಅಯ್ಯನವರು ಹೊರಗೆ ಬಂದು ಅವರನ್ನು ಒಳಗೆ ಕರೆದರು, ತಾಯಿ ತಂದೆಯರ ಒಪ್ಪಿಗೆ ಪತ್ರಗಳ ಕಟ್ಟು ತೋರಿಸಿದರು. ಬೈಬಲ್ ಕಥೆ ಹೇಳುತ್ತೇವೆ, ಹಾಡು ಕಲಿಸುತ್ತೇವೆ, ಇಂತಿಷ್ಟು ದಿನ, ಇಂತಿಷ್ಟು ಹೊತ್ತು ಅಂತ ಅದರಲ್ಲಿ ಸ್ಪಷ್ಟವಾಗಿ ಕನ್ನಡದಲ್ಲಿ ಬರೆದಿರುತ್ತದೆ. ಮುಚ್ಚಿಟ್ಟು ಮಾಡುವುದು ಏನೂ ಇಲ್ಲ. ಅವರು ಓದಿದರು. ಪಾನಕ ಕೊಟ್ಟೆ. ಒಬ್ಬ ಕುಡಿದ, ಇನ್ನೊಬ್ಬ ಕುಡಿಯಲಿಲ್ಲ. ಹೋದರು. ಮರುದಿನ 9 ಮಕ್ಕಳು ಕಡಿಮೆ ಬಂದರು.

ಆ ಒಂಬತ್ತು ಮಕ್ಕಳ ಮನೆಯವರನ್ನು ನಾನು ದೂರುವುದಿಲ್ಲ. ಅವರಿಗೂ ಊರಿನಲ್ಲಿ ಬದುಕಬೇಕು. ಪ್ರಶ್ನೆ ಕೇಳಿದ ಯುವಕರ ಪ್ರಶ್ನೆಯೂ ನನಗೆ ಅರ್ಥವಾಗುತ್ತದೆ, ದಾರಿಯಲ್ಲಿ ನಿಲ್ಲಿಸಿ ಚಿಕ್ಕ ಹುಡುಗಿಯನ್ನು ಕೇಳಿದ್ದು ಮಾತ್ರ ಸರಿಯಲ್ಲ. ದೊಡ್ಡವರನ್ನು ಕೇಳಬೇಕಿತ್ತು. ಆ ಹುಡುಗಿಯ ಉತ್ತರದಲ್ಲಿ ಒಂದು ವಿಷಯ ಇತ್ತು. ತಿಂಡಿಗೂ ಹೇಳಿಸುವುದಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ಮಗುವೇ ಹೇಳಿತು, ನಾವು ಕಲಿಸಿ ಹೇಳಿಸಿದ್ದಲ್ಲ. ಮೇಜಿನ ಪಕ್ಕ ನಮ್ಮವರೊಬ್ಬರು ಊಟದ ಪ್ರಾರ್ಥನೆ ಹೇಳುತ್ತಾರೆ, ನಾಲ್ಕು ಸಾಲು. ಸೇರಬೇಕಾದವರು ಸೇರಬಹುದು, ಸುಮ್ಮನಿರಬೇಕಾದವರು ಸುಮ್ಮನಿರಬಹುದು. ಕಂಠಪಾಠ ಒಪ್ಪಿಸಿದವರಿಗೆ ಎರಡನೇ ಸೌಟು ಅನ್ನುವ ಹಳೆಯ ಆಸೆ ತೋರಿಸುವುದನ್ನೂ ನಿಲ್ಲಿಸಿದ್ದೇವೆ. ಕಂಠಪಾಠಕ್ಕೆ ಪೆನ್ಸಿಲ್ ಬಹುಮಾನ ಇದೆ. ಎರಡನೇ ಸೌಟು ಕೇಳಿದ ಎಲ್ಲರಿಗೂ ಇದೆ.

ಐದು ರೊಟ್ಟಿಯ ಕಥೆ ನಮ್ಮ ವಿಬಿಎಸ್ಸಿನಲ್ಲಿ ಒಂದು ದಿನ ಬಂದೇ ಬರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಮಾತ್ರ ಆ ರೊಟ್ಟಿ ಒಬ್ಬ ಹುಡುಗನದು, ಅದೂ ಜವೆಗೋಧಿಯದು. ಜವೆಗೋಧಿ ಅಂದರೆ ಆ ಕಾಲದ ಬಡವರ ಧಾನ್ಯ, ನಮ್ಮ ರಾಗಿ ಇದ್ದ ಹಾಗೆ. ಎಲ್ಲರೂ ತಿಂದು ಹನ್ನೆರಡು ಬುಟ್ಟಿ ಉಳಿಯಿತು ಅನ್ನುವಲ್ಲಿಗೆ ಕಥೆ ಮುಗಿಯುತ್ತದೆ. 2024ರಲ್ಲಿ ಚನ್ನರಾಯಪಟ್ಟಣದಲ್ಲಿ ಕಥೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿದಳು. "ಉಳಿದಿದ್ ಹನ್ನೆರಡು ಬುಟ್ಟಿ ಯಾರ್ ಮನೆಗೆ ಹೋಯ್ತು?" ಟೀಚರ್ ನನ್ನ ಕಡೆ ನೋಡಿದರು. ಬೈಬಲ್ ಅದನ್ನು ಹೇಳುವುದಿಲ್ಲ. ಹಾಳಾಗದಂತೆ ಕೂಡಿಸಿ ಅಂತ ಯೇಸು ಹೇಳಿದ್ದಷ್ಟೇ ಇದೆ.

ಆ ಹುಡುಗಿಗೆ ಆ ಪ್ರಶ್ನೆ ಯಾಕೆ ಬಂತು ಅಂತ ನನಗೆ ಗೊತ್ತಿತ್ತು. ಎರಡು ದಿನದಿಂದ ಅವಳು ತನ್ನ ಪಾಲಿನ ತಿಂಡಿಯಲ್ಲಿ ಅರ್ಧವನ್ನು ನೋಟ್‌ಬುಕ್ ಹಾಳೆಯಲ್ಲಿ ಮಡಚಿ ಲಂಗದ ಜೇಬಿಗೆ ಇಟ್ಟುಕೊಳ್ಳುತ್ತಿದ್ದಳು. ಮನೆಯಲ್ಲಿ ಕರೆದುಕೊಂಡು ಬರಲಾಗದಷ್ಟು ಚಿಕ್ಕ ತಮ್ಮನಿದ್ದ. ಅವತ್ತು ಹುರಿಹಿಟ್ಟು ಮಾಡಿದ್ದೆವು. ಅರಳಿಸಿದ ರಾಗಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ತುರಿ, ಬಾಳೆಹಣ್ಣು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿಗೆ ಬರವಿಲ್ಲ, ಸಭೆಯ ಮನೆಗಳವರು ಒಂದೊಂದು ತಂದುಕೊಟ್ಟಿದ್ದರು. ಅದಕ್ಕೇ ಉಂಡೆ ದೊಡ್ಡದಾಗಿತ್ತು.

ಅಂದಿನಿಂದ ಮೇಜಿನ ಕೆಳಗೆ ಬಾಳೆಲೆಯ ತುಂಡುಗಳ ಒಂದು ಕಟ್ಟು ಇರುತ್ತದೆ. ಮನೆಗೆ ಒಯ್ಯುವವರಿಗೆ ಅದರಲ್ಲಿ ಕಟ್ಟಿಕೊಡುತ್ತೇವೆ. ಪತ್ರಿಕೆಯ ಹಾಳೆಯಲ್ಲಿ ಕಟ್ಟಬಾರದು, ಅಚ್ಚಿನ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ನಾವು ಬರೆದದ್ದನ್ನು ಜನ ಓದಲಿ, ಅದರ ಮೇಲೆ ಉಸಲಿ ತಿನ್ನುವುದು ಬೇಡ.

ಮುಂದಿನ ಮೇ ತಿಂಗಳು ನಾನು ಈ ಮೇಜಿನ ಹಿಂದೆ ಇರುವುದಿಲ್ಲ, ಕೆಲಸ ಬೇರೆ ಊರಿಗೆ ಒಯ್ಯುತ್ತಿದೆ. ಬರುವವರಿಗಾಗಿ ಒಂದು ಪುಟ ಬರೆದಿಟ್ಟಿದ್ದೇನೆ. ಕಾಳಿನ ಲೆಕ್ಕ, ಬೆಲ್ಲದ ಲೆಕ್ಕ, ನಾಲ್ಕು ಊರಿನಲ್ಲೂ ಬಾಳೆಹಣ್ಣು ಎಲ್ಲಿ ಕಡಿಮೆಗೆ ಸಿಗುತ್ತದೆ ಅನ್ನುವುದು. ಅದರ ಕೆಳಗೆ ಇನ್ನು ನಾಲ್ಕು ಸಾಲು. ಬಂದ ತಕ್ಷಣ ತಿಂಡಿ ಕೊಡಿ. ಬೇಯಿಸಿದ್ದರ ಪಕ್ಕ ಹಣ್ಣು ಇಡಿ. ತಿಂದು ಎದ್ದು ಹೋಗುವವರ ಹೆಸರನ್ನು ಕರೆಯಬೇಡಿ, ಮರುದಿನ ಬಂದಾಗ ತಟ್ಟೆಯನ್ನೂ ಚಿಕ್ಕದು ಮಾಡಬೇಡಿ. ಮನೆಗೆ ಬೇಕು ಅಂದವರಿಗೆ ಯಾರಿಗೆ ಅಂತ ಕೇಳಬೇಡಿ, ಎಷ್ಟು ಜನಕ್ಕೆ ಅಂತ ಮಾತ್ರ ಕೇಳಿ.

ಮೇಷ್ಟ್ರು ಆ ಪುಟ ಓದಿದರು. ಓದಿ, ತಮ್ಮ ದುಂಡಗಿನ ಅಕ್ಷರದಲ್ಲಿ ಕೊನೆಗೆ ಒಂದು ಸಾಲು ಸೇರಿಸಿದರು: ಖಾರ ಕಡಿಮೆ ಹಾಕಿ.